ನಮ್ಮ ಭಾವನ ಟ್ರೆಬಲ್ ಗುಂಡಿ

ನಮ್ಮ ಭಾವ ಬಾಗಿಲು ಹಾಕುವುದನ್ನು ನೀವೊಮ್ಮೆ ನೋಡಬೇಕು. ಹಿಡಿಕೆಯನ್ನು ಪೂರ್ತಿ ತಿರುಗಿಸಿ ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಅಂಗೈಯನ್ನು ಹಲಗೆಗೆ ಆನಿಸಿ, ಉಸಿರು ಬಿಗಿಹಿಡಿದು, ಬಾಗಿಲನ್ನು ಚೌಕಟ್ಟಿನೊಳಗೆ ಕೂರಿಸಿ, ಅದು ಕೂತಿತೆಂದು ಖಾತ್ರಿಯಾದ ಮೇಲಷ್ಟೇ ಹಿಡಿಕೆಯನ್ನು ಇಷ್ಟಿಷ್ಟಾಗಿ ಬಿಡುತ್ತಾರೆ. ಲೋಟವನ್ನು ಮೇಜಿನ ಮೇಲಿಡುವಾಗ ಕಿರುಬೆರಳನ್ನು ಅದರ ತಳಕ್ಕೆ ಕೊಟ್ಟು ಇಡುತ್ತಾರೆ. ಕುರ್ಚಿಯನ್ನು ಎಳೆಯುವುದಿಲ್ಲ, ಎತ್ತಿ ಇಡುತ್ತಾರೆ. ಸೀನು ಬಂದರೆ ಹಿತ್ತಲಿಗೆ ಓಡುತ್ತಾರೆ. ಮದುವೆಯಾದ ಹೊಸತರಲ್ಲಿ ನಮ್ಮಕ್ಕ, "ಕಳ್ಳನ್ನ ಕಟ್ಕೊಂಡ ಹಾಗಿದೆ ಕಣೋ, ಯಾವಾಗ ಬಂದ್ರು ಯಾವಾಗ ಹೋದ್ರು ಒಂದೂ ಗೊತ್ತಾಗಲ್ಲ" ಎಂದು ನನ್ನ ಹತ್ತಿರ ಗೊಣಗುತ್ತಿದ್ದಳು.

ಇದೇ ಮನುಷ್ಯ ಒಂದು ಕಾಲದಲ್ಲಿ ಗಿಟಾರಿನ ಒಂದೇ ಒಂದು ಮೀಟಿನಿಂದ ಸಭಾಂಗಣದ ಕಿಟಕಿಯ ಗಾಜು ಒಡೆದವರು ಎಂದರೆ ನೀವು ನಂಬಲಾರಿರಿ. ನಾನು ನಂಬಲೇಬೇಕು, ಏಕೆಂದರೆ ಆ ಗಾಜಿನ ಕೆಳಗಿನ ಬೆಂಚಿನಲ್ಲಿಯೇ ಕೂತಿದ್ದೆ. ರಾಕ್ ಸಂಗೀತದ ಆ ಗುಂಪಿನಲ್ಲಿ ನಾಲ್ವರು ಇದ್ದರೂ ಜನ ನೂಕುನುಗ್ಗಲಾಗಿ ಬರುತ್ತಿದ್ದದ್ದು ಒಬ್ಬನ ಸಲುವಾಗಿ. ಮುಂದೆ ನಮ್ಮ ಭಾವನಾದ ಅವನಿಗೆ ಜನ ಇಟ್ಟ ಹೆಸರು ಸಿಡಿಲು. ಹಾಡಿನ ನಟ್ಟನಡುವೆ ಹಾಡುವವನು ಬದಿಗೆ ಸರಿದು ನಿಂತರೆ, ಸಿಡಿಲು ಮುಂದೆ ಬಂದು, ಹಾಡಿಗಿಂತಲೂ ಉದ್ದವಾದ ತನ್ನ ಗಿಟಾರಿನ ಪ್ರವಾಹವನ್ನು ಹರಿಯಬಿಡುತ್ತಿದ್ದ. ಆತ ನಿಲ್ಲಿಸಿದ ಮೇಲೂ ನಮ್ಮ ಎದೆಗೂಡು ಇನ್ನೂ ನುಡಿಯುತ್ತಲೇ ಇರುತ್ತಿತ್ತು. ಮನೆಗೆ ಹೋದ ಮೇಲೆ ಅಮ್ಮ ಏನು ಕೇಳಿದರೂ ನಾವು "ಆಂ?" ಎನ್ನುತ್ತಿದ್ದೆವು, ಬೈಸಿಕೊಳ್ಳುತ್ತಿದ್ದೆವು, ಮುಂದಿನ ಸಲ ಮತ್ತೆ ಹೋಗುತ್ತಿದ್ದೆವು.

ನಮ್ಮಪ್ಪ ದರ್ಜಿ. ಅಂಗಡಿ ಮುಂದೆ, ಮನೆ ಹಿಂದೆ. ಒಂದು ದಿನ ಸಾಕ್ಷಾತ್ ಸಿಡಿಲೇ ಭುಜಕ್ಕಿಳಿದ ಕೂದಲನ್ನು ಬಿಟ್ಟುಕೊಂಡು ಅಂಗಡಿಗೆ ಬಂದು, ಕೆಂಪು ಮಖಮಲ್ಲಿನ ಕೋಟು ಬೇಕು, ಮೊಣಕಾಲು ದಾಟಬೇಕು, ತೋಳಿನ ಅಂಚಿಗೆ ಜರಿ ಹಚ್ಚಬೇಕು ಎಂದಾಗ, ಅಪ್ಪ ಅಳತೆಯ ಪಟ್ಟಿಯನ್ನು ಕೊರಳಿಂದ ತೆಗೆಯದೆಯೇ, "ಹಾಕ್ಕೊಂಡು ಹೊರಗೂ ಹೋಗ್ತೀಯೇನಪ್ಪಾ?" ಎಂದು ಕೇಳಿದ್ದ. ಕೋಟಿಗೆ ಜರಿ ಹಚ್ಚಿದವಳು ಅಕ್ಕ. ಹಚ್ಚುವಾಗ ಅವಳು ನಗುತ್ತಿದ್ದಳೋ ಬೇರೇನಾದರೂ ಆಗುತ್ತಿತ್ತೋ ನನಗೆ ಆಗ ತಿಳಿಯಲಿಲ್ಲ. ಕೆಲವು ವರ್ಷಗಳ ಮೇಲೆ ಅದೇ ಮನುಷ್ಯ ಕೂದಲು ಕತ್ತರಿಸಿಕೊಂಡು, ತಲೆ ತಗ್ಗಿಸಿಕೊಂಡು ಬಂದು, ಬೂದು ಬಣ್ಣದ ಸಾದಾ ಕೋಟು ಹೊಲಿಸಲು ಕೇಳಿದಾಗ, ಅಪ್ಪ ಅಳತೆ ತೆಗೆಯುತ್ತಲೇ ಎಲ್ಲವನ್ನೂ ವಿಚಾರಿಸಿಕೊಂಡು, ಗುಂಡಿ ಹಚ್ಚುವ ಹೊತ್ತಿಗೆ ಮಗಳನ್ನು ಕೊಡುವುದೆಂದು ತೀರ್ಮಾನಿಸಿಬಿಟ್ಟಿದ್ದ. ಆ ಬೂದು ಕೋಟನ್ನೇ ಭಾವ ಈ ಹೊತ್ತಿಗೂ ಹಾಕುತ್ತಾರೆ. ಒಳಗಿನ ಅಸ್ತರು ಅದೆಷ್ಟು ಸಲ ಬದಲಾಯಿತೋ ಅಕ್ಕನಿಗೇ ಲೆಕ್ಕವಿಲ್ಲ.

ಕೆಂಪು ಕೋಟಿನಿಂದ ಬೂದು ಕೋಟಿಗೆ ಬಂದದ್ದು ಹೇಗೆ ಎಂದು ನಾನು ಎಷ್ಟು ಕೆದಕಿದರೂ ಅವರು ಹೇಳುವುದು ಇಷ್ಟೇ: ಯಾವುದೋ ಊರಿನಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಹಸಿವಾಗಿ ಒಂದು ಹೋಟೆಲಿನ ಊಟದ ಹಾಲಿಗೆ ಹೋದರಂತೆ. ಮೂಲೆಯಲ್ಲಿ ಒಬ್ಬ ಮುದುಕ ಕುರ್ಚಿಯಲ್ಲಿ ಕೂತು ಜಾಜ್ ಗಿಟಾರ್ ನುಡಿಸುತ್ತಿದ್ದ. ತಟ್ಟೆಗೆ ಚಮಚ ತಾಗಿದರೆ ಕೇಳುತ್ತಿತ್ತು, ಎದುರು ಮೇಜಿನ ಗಂಡಹೆಂಡಿರ ಮಾತು ಕೇಳುತ್ತಿತ್ತು, ಅದರ ನಡುವೆಯೇ ಗಿಟಾರಿನ ಒಂದೊಂದು ಸ್ವರವೂ ಕೇಳುತ್ತಿತ್ತು. ಯಾರ ಮಾತನ್ನೂ ಆತ ತುಳಿಯಲಿಲ್ಲ. ಅವರು ಸುಮ್ಮನಾದ ಕಡೆ ನುಡಿಸಿದ, ಅವರು ಮಾತಾಡಿದ ಕಡೆ ಕಾದ. "ನಂಗೆ ಊಟ ಸೇರ್ಲಿಲ್ಲ ಕಣೋ. ಇಷ್ಟು ದಿನ ಕೂಗಾಡ್ತಿದ್ದೆ ಅನ್ನಿಸ್ತು. ಸಿಕ್ಕಾಪಟ್ಟೆ ನಾಚಿಕೆ ಆಯ್ತು" ಎನ್ನುತ್ತಾರೆ. ಅಷ್ಟು ಹೇಳಿ, "ಇರಲಿ, ನೀವು ಹೇಳಿ" ಎಂದು ಮಾತನ್ನು ನಮಗೇ ದಾಟಿಸುತ್ತಾರೆ. ಈ "ಇರಲಿ, ನೀವು ಹೇಳಿ" ಎಂಬುದು ಅವರ ಬಾಯಿಗೆ ಅಂಟಿಕೊಂಡ ಮಾತು. ತಮ್ಮ ವಿಷಯ ಎರಡು ವಾಕ್ಯ ದಾಟಿತೆಂದರೆ ಅವರಿಗೆ ಯಾರದೋ ಜಾಗದಲ್ಲಿ ಕೂತಂತೆ ಕಸಿವಿಸಿ ಶುರುವಾಗುತ್ತದೆ.

ಗುಂಪನ್ನು ಬಿಟ್ಟರು. ಜನ ಹುಚ್ಚನೆಂದರು, ಜತೆಗಾರರು ಜಗಳಕ್ಕೆ ಬಂದರು, ಸಿಡಿಲು ಠುಸ್ ಆಯಿತೆಂದು ಹುಡುಗರು ಆಡಿಕೊಂಡು ನಕ್ಕರು. ಭಾವ ಆ ಮುದುಕನ ಮನೆಯ ಮೆಟ್ಟಿಲ ಮೇಲೆ ಹೋಗಿ ಕೂತರು. ಮುದುಕ ಇವರ ಕೈಚಳಕವನ್ನೆಲ್ಲ ಒಂದು ಬೆಳಿಗ್ಗೆ ಕೇಳಿ ಮುಗಿಸಿ, ಗಿಟಾರಿನ ವಯರನ್ನು ಕಿತ್ತು ಕಪಾಟಿನಲ್ಲಿಟ್ಟು ಬೀಗ ಹಾಕಿದನಂತೆ. ವಿದ್ಯುತ್ತಿಲ್ಲದ ಬರೀ ತಂತಿ, ಬರೀ ಮರ. ಪಕ್ಕದ ಕೋಣೆಗೂ ಕೇಳಿಸದ ಆ ದನಿಯಲ್ಲಿಯೇ ಭಾವ ಮತ್ತೆ ಮೊದಲಿನಿಂದ ಕಲಿತರು. "ಸಾಥ್ ಕೊಡೋನು ಇದ್ದಾನೆ ಅಂತ ಯಾರಿಗೂ ಗೊತ್ತಾಗಬಾರದು, ಎದ್ದು ಹೋದ್ರೆ ಮಾತ್ರ ಗೊತ್ತಾಗಬೇಕು" ಎಂಬುದು ಮುದುಕನ ಪಾಠ. ಅಂದಿನಿಂದ ಮನೆಯಲ್ಲಿ ಅವರು ವಯರು ಚುಚ್ಚಿ ನುಡಿಸಿದ್ದನ್ನು ನಾವು ಯಾರೂ ಕೇಳಿಲ್ಲ. ಬಾಗಿಲು, ಲೋಟ, ಕುರ್ಚಿ, ಸೀನು, ಎಲ್ಲವೂ ಆ ಕಪಾಟಿನ ಬೀಗದಿಂದಲೇ ಶುರುವಾದವೆಂದು ನನ್ನ ಊಹೆ.

ಆಮೇಲೆ ಅವರು ಸೇರಿದ್ದು ಯಜಮಾನಿಯ ತಂಡ. ಪಿಯಾನೋ ನುಡಿಸುತ್ತ ಹಾಡುವ ಆಕೆಗೆ ಯಜಮಾನಿ ಎಂಬ ಹೆಸರು ಯಾರು ಇಟ್ಟರೋ, ಒಪ್ಪುವ ಹೆಸರು. ಹುಬ್ಬು ಎತ್ತಿದರೆ ಡ್ರಮ್ಮಿನವನು ಮೆತ್ತಗಾಗುತ್ತಿದ್ದ, ಕೆಮ್ಮಿದರೆ ಅವರು ನುಡಿಸುವ ಊಟದ ಹಾಲ್‌ನ ಮಾಲೀಕನೇ ಎದ್ದು ನಿಲ್ಲುತ್ತಿದ್ದ. ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿ, ಎತ್ತರದ ಕಿಟಕಿಗಳ ಹಾಲ್ ಅದು. ಭಾನುವಾರ ಮಧ್ಯಾಹ್ನ ಊಟಕ್ಕೆ ಬಂದವರು ಎದ್ದು ಹೋಗಲು ಮನಸ್ಸಾಗದೆ ಸಂಜೆಯ ಚಹಾದವರೆಗೂ ಕೂರುತ್ತಿದ್ದರು. ಭಾವನ ಆಂಪ್, ಎಂದರೆ ಗಿಟಾರಿನ ದನಿಯನ್ನು ಹಿಗ್ಗಿಸುವ ಪೆಟ್ಟಿಗೆ, ಅಲ್ಲಿಯೇ ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡು ವಾರವಿಡೀ ಮಲಗಿರುತ್ತಿತ್ತು. ಯಜಮಾನಿ ಹಾಡುವಾಗ ಉಸಿರು ತೆಗೆದುಕೊಳ್ಳುವ ಜಾಗಗಳಲ್ಲಿ ಭಾವ ಎರಡೇ ಎರಡು ಸ್ವರ ಇಡುತ್ತಿದ್ದರು. ಆಕೆ ಪದ ಮರೆತ ದಿನ ಅದೇ ಎರಡು ಸ್ವರ ನಾಲ್ಕಾಗಿ ಆಕೆಯನ್ನು ದಡ ಮುಟ್ಟಿಸುತ್ತಿದ್ದವು. ಚಪ್ಪಾಳೆಯಾದಾಗ ಭಾವ ಡ್ರಮ್ಮಿನವನ ಕಡೆ ಕೈ ತೋರಿಸುತ್ತಿದ್ದರು. ದೇಶಾಂತರದ ದೊಡ್ಡ ಗಾಯಕಿಯೊಬ್ಬಳು ಒಮ್ಮೆ ಈ ಹಾಲಿಗೆ ಬಂದು ಕೇಳಿ, "ಇವರನ್ನ ನನಗೆ ಕೊಡ್ತೀರಾ?" ಎಂದಳಂತೆ, ಯಜಮಾನಿ "ನನ್ನ ಪಿಯಾನೋ ಬೇಕಾದ್ರೆ ಒಯ್ಯಿರಿ" ಎಂದಳಂತೆ. ಭಾವ ಇದನ್ನು ಎಂದೂ ಹೇಳಲಿಲ್ಲ. ಡ್ರಮ್ಮಿನವನು ಹೇಳಿ ನಮಗೆ ಗೊತ್ತು.

ಈಗ ಕಿವಿಯ ವಿಷಯಕ್ಕೆ ಬರಲೇಬೇಕು. ಗುಟ್ಟನ್ನು ಬಚ್ಚಿಟ್ಟು ಕೊನೆಗೆ ಬಿಚ್ಚಿ ಚಪ್ಪಾಳೆ ಗಿಟ್ಟಿಸುವ ಚಾಳಿ ನನಗಿಲ್ಲ. ಭಾವ ದಾರಿಯಲ್ಲಿ ನಡೆಯುವಾಗ ಯಾವಾಗಲೂ ಗೋಡೆಯನ್ನು ಎಡಕ್ಕೆ ಇಟ್ಟುಕೊಂಡು, ನಮ್ಮನ್ನು ಬಲಕ್ಕೆ ಹಾಕಿಕೊಂಡು, ತುಸು ಓರೆಯಾಗಿ ನಡೆಯುತ್ತಿದ್ದರು. ಮೇಜಿಗೆ ಕೂತರೆ ಎಡತುದಿಯೇ ಬೇಕು. ಅದನ್ನು ನಾವು ಕಲಾವಿದರ ಖಯಾಲಿ ಎಂದುಕೊಂಡಿದ್ದೆವು. ನಿಜವೇನೆಂದರೆ ಸಿಡಿಲಿನ ಕಾಲದಲ್ಲಿ ಡ್ರಮ್ಮಿನ ತಾಳಗಳೂ ಆಳೆತ್ತರದ ಸ್ಪೀಕರುಗಳೂ ನಿಂತಿರುತ್ತಿದ್ದದ್ದು ಅವರ ಎಡಕ್ಕೆ. ಆ ಕಿವಿ ಎಂದೋ ಸತ್ತುಹೋಗಿತ್ತು. ಬಲಗಿವಿಯೂ ವಯಸ್ಸಾಗುತ್ತಿದ್ದಂತೆ ಸಣ್ಣ ತಂತಿಗಳ ಚೂಪುದನಿಯನ್ನು ಒಂದೊಂದಾಗಿ ಕಳೆದುಕೊಳ್ಳುತ್ತಿತ್ತು. ಇದನ್ನು ಅವರು ಅಕ್ಕನಿಗೂ ಹೇಳಲಿಲ್ಲ. ಮಾಡಿದ ಗದ್ದಲಕ್ಕೆ ಸಿಕ್ಕ ಕೂಲಿ ಎಂದು ಅದನ್ನು ರೋಗದ ಹಾಗಲ್ಲ, ಕಳ್ಳತನದ ಹಾಗೆ ಮುಚ್ಚಿಟ್ಟುಕೊಂಡರು.

ಆಂಪಿನ ಮುಖದ ಮೇಲೆ ಸಾಲಾಗಿ ಗುಂಡಿಗಳಿರುತ್ತವೆ. ಅದರಲ್ಲಿ ಒಂದು ಟ್ರೆಬಲ್ ಗುಂಡಿ: ತಿರುಗಿಸಿದಷ್ಟೂ ದನಿಯ ಚೂಪು ಏರುತ್ತದೆ. ಭಾವ ತಮ್ಮ ಕಿವಿ ಬಿಟ್ಟುಕೊಟ್ಟದ್ದನ್ನು ಆ ಗುಂಡಿಯಿಂದ ವಸೂಲು ಮಾಡಿಕೊಳ್ಳತೊಡಗಿದರು. ವರ್ಷಕ್ಕೆ ಇಷ್ಟು, ಆಮೇಲೆ ತಿಂಗಳಿಗೆ ಇಷ್ಟು ಎಂದು ಅದು ಏರುತ್ತ ಹೋಯಿತು. ಅವರಿಗೆ ಮಾತ್ರ ಹಳೆಯ ಮೆದು ದನಿಯೇ ಕೇಳುತ್ತಿತ್ತು, ನಮಗೆ ಗಾಜಿನ ಮೇಲೆ ಮೊಳೆ ಎಳೆದ ಹಾಗೆ. ಮುಖದಲ್ಲಿ ಅದೇ ಸಂಕೋಚ, ಬೆರಳಿನಲ್ಲಿ ಅದೇ ಮಿತ, ಯಜಮಾನಿ ಉಸಿರೆಳೆದ ಜಾಗಕ್ಕೆ ಸರಿಯಾಗಿ ಅದೇ ಎರಡು ಸ್ವರ. ಆದರೆ ಆ ಎರಡು ಸ್ವರಕ್ಕೆ ಮುಂದಿನ ಮೇಜಿನವರು ಕಣ್ಣು ಮುಚ್ಚಿ ಹಲ್ಲು ಕಚ್ಚುತ್ತಿದ್ದರು. ಮೊದಲು ಮುಂದಿನ ಮೇಜು ಖಾಲಿಯಾಯಿತು, ಆಮೇಲೆ ಅದರ ಹಿಂದಿನದು. ನಾನೂ ಗಾಳಿ ಬರುತ್ತದೆಂದು ನೆಪ ಹೇಳಿ ಬಾಗಿಲ ಪಕ್ಕಕ್ಕೆ ಸರಿದೆ. ಅಕ್ಕ ಮಾತ್ರ ಎದುರಿಗೇ ಕೂತು, ಎರಡೂ ಕೈಯಲ್ಲಿ ಕೈಚೀಲವನ್ನು ಹಿಸುಕುತ್ತ ನಗುತ್ತಿದ್ದಳು.

ಹೇಳುವವರು ಯಾರು? ಅದೇ ಪ್ರಶ್ನೆ. ಜೋರಾಗಿ ಮಾತಾಡುವವನಿಗೆ "ಮೆತ್ತಗೆ ಮಾತಾಡಪ್ಪಾ" ಎನ್ನಬಹುದು. ಬದುಕೆಲ್ಲ ಮೆತ್ತಗಿರಲು ಹೆಣಗಿದ, ಕುರ್ಚಿ ಎಳೆದರೂ ಕ್ಷಮೆ ಕೇಳುವ ಮನುಷ್ಯನಿಗೆ "ನೀವು ನಮ್ಮ ಕಿವಿ ಹರೀತಿದೀರಿ" ಎಂದು ಹೇಗೆ ಹೇಳುವುದು? ಡ್ರಮ್ಮಿನವನು ಯಜಮಾನಿ ಹೇಳಲಿ ಎಂದ. ಯಜಮಾನಿ ಒಂದು ದಿನ ಗಟ್ಟಿ ಮನಸ್ಸು ಮಾಡಿ ಅವರ ಬಲಗಡೆ ಹೋಗಿ ಕೂತು, "ನಿಮ್ಮ ಹತ್ರ ಒಂದು ಮಾತು..." ಎಂದಳು. ಭಾವ ಗಿಟಾರನ್ನು ಮಡಿಲಲ್ಲಿ ಮಲಗಿಸಿ, ಮುಖವೆಲ್ಲ ಕಿವಿಯಾಗಿ, "ಹೂಂ, ನೀವು ಹೇಳಿ" ಎಂದರು. ಹುಬ್ಬಿನಿಂದಲೇ ಹಾಲನ್ನು ಆಳುತ್ತಿದ್ದ ಆ ಹೆಂಗಸು, "ನಿಮ್ಮ ಕೋಟಿನ ಗುಂಡಿ ಸಡಿಲ ಆಗಿದೆ" ಎಂದು ಹೇಳಿ ಎದ್ದು ಬಂದಳು. ಜೀವಮಾನವಿಡೀ ಎಲ್ಲರಿಗೂ "ನೀವು ಹೇಳಿ" ಎನ್ನುತ್ತ ಬಂದವರಿಗೆ ಹೇಳಬೇಕಾದ ಒಂದು ಮಾತನ್ನು ಹೇಳುವ ಗಂಡೆದೆ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ.

ಉಪಾಯ ತಂದವನು ಸೌಂಡಿನವನು. ಹಾಲಿನಲ್ಲಿ ಮೈಕು, ವಯರುಗಳನ್ನು ನೋಡಿಕೊಳ್ಳುವ ಒಳ್ಳೆಯ ಮನುಷ್ಯ. ಭಾವನ ಆಂಪನ್ನು ಪ್ರತಿವಾರ ತಾನೇ ಒರೆಸಿ, ಬಟ್ಟೆ ಮಡಚಿ ಇಡುತ್ತಿದ್ದ. ಅವನು ಒಂದು ಸೋಮವಾರ ಆ ಪೆಟ್ಟಿಗೆಯ ಬೆನ್ನನ್ನು ಬಿಚ್ಚಿ, ಟ್ರೆಬಲ್ ಗುಂಡಿಗೆ ಹೋಗುವ ತಂತಿಯನ್ನು ಕತ್ತರಿಸಿ, ದನಿ ಹಿತವಾಗಿರುವ ಒಂದು ಮಟ್ಟಕ್ಕೆ ಅದನ್ನು ಕಾಯಮ್ಮಾಗಿ ಬೆಸೆದುಬಿಟ್ಟ. ಗುಂಡಿ ಹಾಗೆಯೇ ಇತ್ತು, ತಿರುಗುತ್ತಿತ್ತು, ತಿರುಗಿಸಿದರೆ ಏನೂ ಆಗುತ್ತಿರಲಿಲ್ಲ. ಯಜಮಾನಿ ಒಪ್ಪಿದಳು, ಡ್ರಮ್ಮಿನವನು ಅವನ ಬೆನ್ನು ತಟ್ಟಿದ. ವಿಷಯ ನನ್ನ ಕಿವಿಗೆ ಬಿದ್ದಾಗ, ಭಲೇ, ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ನಾನೂ ಹಿಗ್ಗಿದೆ. ಮುಂದಿನ ಭಾನುವಾರ ಭಾವನ ದನಿ ಹಿಂದಿನ ಹಾಗೆ ಬೆಣ್ಣೆಯಾಗಿತ್ತು. ಮುಂದಿನ ಮೇಜುಗಳು ಕ್ರಮೇಣ ತುಂಬಿದವು. "ನೋಡಿ, ಎಷ್ಟು ಸುಲಭ ಇತ್ತು!" ಎಂದು ಸೌಂಡಿನವನು ಕೈ ಕೊಡವಿದ. ಅಕ್ಕನ ಕೈಚೀಲಕ್ಕೂ ಬಿಡುವು ಸಿಕ್ಕಿತು.

ನಾವು ಯಾರೂ ಭಾವನ ಮುಖ ನೋಡಲಿಲ್ಲ. ನೋಡಿದ್ದರೆ, ಹಾಡು ಹಾಡಿನ ನಡುವೆ ಅವರು ಬಾಗಿ ಆ ಗುಂಡಿಯನ್ನು ತಿರುಗಿಸುವುದೂ, ತಲೆಯೆತ್ತಿ ಕೇಳುವುದೂ, ಮತ್ತೆ ಬಾಗಿ ಮತ್ತಷ್ಟು ತಿರುಗಿಸುವುದೂ ಕಾಣುತ್ತಿತ್ತು. ಮನೆಯಲ್ಲಿ ಅವರು ಊಟ ಕಡಿಮೆ ಮಾಡಿದರು. ವಯರಿಲ್ಲದ ಗಿಟಾರನ್ನು ಅಪ್ಪಿಕೊಂಡು, ಅದರ ಮರದ ಅಂಚಿಗೆ ದವಡೆ ಒತ್ತಿ ಕೂರುತ್ತಿದ್ದರು. ಅಕ್ಕ ತೂಕಡಿಸುತ್ತಿದ್ದಾರೆ ಎಂದುಕೊಂಡಳು. ಕಿವಿಗೆ ಬಾರದ ದನಿಯನ್ನು ಮೂಳೆಯಿಂದ ಕೇಳಿಸಿಕೊಳ್ಳುತ್ತಿದ್ದರೆಂದು ನಮ್ಮಲ್ಲಿ ಯಾರಿಗೆ ಹೊಳೆಯಬೇಕು! ಒಂದು ಬೆಳಿಗ್ಗೆ, ಇನ್ನು ಭಾನುವಾರ ತಾವು ಬರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಯಜಮಾನಿಗೆ ಹೇಳಿ ಕಳಿಸಿದರು. ಕಾರಣ ಕೇಳಿದರೆ ಬೆರಳು ನೋವು ಎಂದರು. ಅಕ್ಕ ನನ್ನನ್ನು ಕರೆಸಿದಳು.

ಭಾವ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದರು. ನಾನು ಅವರ ಬಲಕ್ಕೆ ಕೂತೆ. ಅವರು ನನ್ನ ಕಡೆ ನೋಡದೆ, "ಒಂದು ಮಾತು ಹೇಳ್ತೀನಿ. ನಿಮ್ಮಕ್ಕನಿಗೆ ಹೇಳ್ಬೇಡ" ಎಂದರು.

"ಇಲ್ಲ, ಹೇಳಿ ಭಾವ."

"ಕಿವಿ ಹೋಯ್ತು ಕಣೋ. ಎಡಗಡೇದು ಹೋಗಿ ಯಾವ ಕಾಲ ಆಯ್ತೋ. ಬಲಗಡೇದು ಇಷ್ಟಿಷ್ಟೇ ಹೋಗ್ತಿತ್ತು. ಆಂಪಲ್ಲಿ ಟ್ರೆಬಲ್ ಇದೆಯಲ್ಲ, ಅದನ್ನ ಹಿಡ್ಕೊಂಡು ಹೇಗೋ ನಡೀತಿದ್ದೆ. ಸ್ವಲ್ಪ ತಿರುಗಿಸಿದ್ರೆ ಸ್ವಲ್ಪ ವಾಪಸ್ ಬರೋದು. ಈಗ ಕೊನೇವರೆಗೂ ತಿರುಗಿಸಿದ್ರೂ ಒಂದೇ, ಬಿಟ್ರೂ ಒಂದೇ. ಅಷ್ಟು ಚೂಪು ದನಿ ಕೂಡ ಕೇಳ್ತಿಲ್ಲ ಅಂದ್ರೆ ಇನ್ನೇನು ಉಳೀತು? ಮುಗೀತು."

"ಪೆಟ್ಟಿಗೇನೇ ಕೆಟ್ಟಿರ್ಬೋದಲ್ವಾ?" ಎಂದೆ.

"ಪೆಟ್ಟಿಗೇನಾ? ಅವನು ವಾರವಾರ ಮಗೂ ಥರ ಒರೆಸಿ ಇಡ್ತಾನೆ. ನನ್ನ ಕಿವಿ ಹೋಗಿದ್ದಕ್ಕೆ ಅವನ ಮೇಲೆ ಅನುಮಾನ ಪಡ್ಲಾ? ಛೆ." ಅವರು ತಲೆ ಕೊಡವಿದರು. "ಇರಲಿ, ನೀನು ಹೇಳು. ಮಕ್ಕಳು ಹೇಗಿದಾರೆ?"

ನಾನು ಮಕ್ಕಳ ಸಮಾಚಾರ ಹೇಳಿದೆ. ಹೌದು, ನಿಜ ನನ್ನ ನಾಲಿಗೆಯ ಮೇಲೆ ಕೂತಿತ್ತು, ನಾನು ಮಕ್ಕಳ ಪರೀಕ್ಷೆಯ ಸುದ್ದಿ ಹೇಳಿದೆ. ದಯೆಯೆಂದು ನಾವು ಮಾಡಿದ್ದು ಆ ಮನುಷ್ಯನ ಉಳಿದ ಕಿವಿಯನ್ನೂ ಕಿತ್ತುಕೊಂಡಿತ್ತು. ಇದ್ದ ಕಿವಿಯನ್ನು ಇಲ್ಲವೆಂದು ನಂಬಿಸಿತ್ತು. ಅಲ್ಲಿಂದ ಎದ್ದವನು ನೆಟ್ಟಗೆ ಯಜಮಾನಿಯ ಮನೆಗೆ ಹೋದೆ. ಆಕೆ ಕೇಳಿ ಮುಗಿಸಿ, ಪಿಯಾನೋದ ಮುಚ್ಚಳ ಹಾಕಿ, ಚಪ್ಪಲಿ ಹುಡುಕತೊಡಗಿದಳು. ಕಾಲಲ್ಲೇ ಇದ್ದವು.

ಆಕೆಯ ಹಿಂದೆ, ದಾರಿಯಲ್ಲಿ ಕರೆದುಕೊಂಡ ಸೌಂಡಿನವನು, ಅವನ ಹಿಂದೆ ನಾನು. ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಯಜಮಾನಿ ಕೂರಲೂ ಇಲ್ಲ, ಕೊಟ್ಟ ನೀರು ಕುಡಿಯಲೂ ಇಲ್ಲ. "ನಿಮ್ಮ ಕಿವಿ ಪೂರ್ತಿ ಹೋಗಿಲ್ಲ. ಆ ಗುಂಡಿಯ ತಂತಿ ಕತ್ತರಿಸಿದ್ದು ನಾವು" ಎಂದಳು. ಎಷ್ಟು ಮೆಲ್ಲಗೆ ಹೇಳಿದಳೆಂದರೆ ಭಾವ ಬಲಗಿವಿಗೆ ಅಂಗೈ ಒಡ್ಡಿ, "ಏನಂದ್ರಿ?" ಎಂದರು. ಮತ್ತೆ ಹೇಳಿದಳು. ಮತ್ತೆ ಕೇಳಿಸಲಿಲ್ಲ. ಕೊನೆಗೆ ಆಕೆ ಕೂಗಿಯೇ ಹೇಳಬೇಕಾಯಿತು. ಹಿತ್ತಲಾಚೆಯ ಮನೆಯವರು ಕಿಟಕಿಗೆ ಬಂದರು.

ಭಾವನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. "ಹೋಗಿಲ್ವಾ? ಹಾಗಾದ್ರೆ ಗುಂಡಿದಾ? ಅಯ್ಯೋ, ನಾನು ಏನೇನೋ..." ಎಂದು ಅಕ್ಕನ ಕಡೆ ತಿರುಗಿ ನಕ್ಕರು. ಆಮೇಲೆ ಮಾತಿನ ಉಳಿದ ಅರ್ಧ ಅವರನ್ನು ತಲುಪಿತು. "ಕತ್ತರಿಸಿದ್ರಾ? ಯಾಕೆ?"

"ಚುಚ್ತಿತ್ತು" ಎಂದು ಯಜಮಾನಿ ಕೂಗಿದಳು. ಕೂಗುತ್ತಲೇ ಅಳು ಬಂತು. "ತುಂಬಾ ಚುಚ್ತಿತ್ತು. ಜನ ಎದ್ದು ಹೋಗ್ತಿದ್ರು."

ಭಾವ ಕೈಯನ್ನು ಕಿವಿಯಿಂದ ತೆಗೆದರು. ಬೈಯಲಿಲ್ಲ, ಬೈದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. "ಎದ್ದು ಹೋಗ್ತಿದ್ರಾ?" ಎಂದು ತಮಗೇ ಎಂಬಂತೆ ಕೇಳಿದರು. "ಮುಂದಿನ ಮೇಜಲ್ಲಿ ಆ ಅಜ್ಜಿ ಬರ್ತಿದ್ರಲ್ಲ, ಕಾಣ್ತಿಲ್ಲ ಅಂದ್ಕೊಂಡಿದ್ದೆ. ಹುಷಾರಿಲ್ವೇನೋ ಅಂದ್ಕೊಂಡಿದ್ದೆ." ಆಮೇಲೆ, "ಮೆತ್ತಗೆ ನುಡಿಸ್ತಿದೀನಿ ಅಂದ್ಕೊಂಡು ಕೂಗ್ತಿದ್ನಲ್ಲಾ" ಎಂದರು. ಸೌಂಡಿನವನು ಗೋಡೆಯನ್ನು ನೋಡುತ್ತಿದ್ದ. ಅಕ್ಕ, "ನನಗೂ ಕೇಳ್ತಿತ್ತು ರೀ. ನಾನೂ ಹೇಳ್ಲಿಲ್ಲ" ಎಂದಳು. ಅವರು ಅವಳನ್ನು ಒಮ್ಮೆ ನೋಡಿ, ಎಲ್ಲರಿಗೂ ಚಹಾ ಮಾಡಲು ಎದ್ದು ಹೋದರು.

ಕಿವಿಯ ವೈದ್ಯರು ನೋಡಿದರು. ಎಡಗಿವಿ ಇಲ್ಲ, ಬಲಗಿವಿಯಲ್ಲಿ ದಪ್ಪ ದನಿಗಳು ಉಳಿದಿವೆ, ಸಣ್ಣವು ಬರುವುದಿಲ್ಲ ಎಂದರು. ಅವರು ಕೊಟ್ಟ ಯಂತ್ರ ಮಾತಿಗೆ ಆಯಿತು, ಸಂಗೀತಕ್ಕೆ ಇಟ್ಟುಕೊಂಡರೆ ತಗಡು ಬಡಿದಂತೆ ಕೇಳುತ್ತದೆಂದು ಭಾವ ಅದನ್ನು ತೆಗೆದು ಜೇಬಿಗೆ ಹಾಕಿದರು. ಇನ್ನು ಅವರು ಹಾಲಿನ ಹೊಸ್ತಿಲು ತುಳಿಯುವುದಿಲ್ಲವೆಂದು ನಾವೆಲ್ಲ ಖಚಿತ ಮಾಡಿಕೊಂಡಿದ್ದೆವು. ಮುಖ ತೋರಿಸುವುದು ನಮಗೇ ಆಗದಿರುವಾಗ ಅವರಿಗೆ ಹೇಗಾದೀತು? ಆದರೆ ಅವರು ಸೌಂಡಿನವನನ್ನು ಕರೆಸಿ, "ಆ ತಂತಿ ಮತ್ತೆ ಸೇರಿಸಿಡಪ್ಪಾ" ಎಂದರು. ಭಾನುವಾರ ಬೂದು ಕೋಟು ಹಾಕಿಕೊಂಡು ಹೊರಟರು.

ಹಾಲ್ ತುಂಬಿತ್ತು. ಎಂದೂ ವೇದಿಕೆಯಲ್ಲಿ ಬಾಯಿ ಬಿಡದ ಮನುಷ್ಯ ಎದ್ದು ನಿಂತು, ಯಾರನ್ನೂ ನೋಡದೆ, ಬೆವರುತ್ತ, "ನನಗೆ ಕಿವಿ ಮಂದ. ಗೊತ್ತಿಲ್ದೆ ನಿಮಗೆಲ್ಲ ತೊಂದರೆ ಕೊಟ್ಟೆ. ಈಗ ಒಂದು ತಂತಿ ಮೀಟ್ತಾ ಈ ಗುಂಡಿ ಇಳಿಸ್ತಾ ಬರ್ತೀನಿ. ನಿಮ್ಮ ಕಿವಿಗೆ ಹಿತ ಅನ್ನಿಸಿದ ಕೂಡ್ಲೇ ಸಾಕು ಅನ್ನಿ. ದಾಕ್ಷಿಣ್ಯ ಬೇಡ" ಎಂದರು. ಗುಂಡಿಯನ್ನು ತಮಗೆ ಕೇಳುವಷ್ಟು ಏರಿಸಿ ಸಣ್ಣ ತಂತಿಯನ್ನು ಮೀಟಿದರು. ಹಾಲಿನ ತುಂಬ ಜನ ಹಲ್ಲು ಕಚ್ಚಿದರು, ಒಬ್ಬರೂ ಬಾಯಿ ಬಿಡಲಿಲ್ಲ. ಅವರು ಇಳಿಸಿದರು, ಮೀಟಿದರು, ಕಾದರು. ಇಳಿಸಿದರು, ಮೀಟಿದರು. ಒಂದು ಹಂತದಲ್ಲಿ ಅವರು ಮೀಟಿ, ಬಲಗಿವಿಯನ್ನು ಪೆಟ್ಟಿಗೆಯ ಹತ್ತಿರ ತಂದು, ಹಾಗೆಯೇ ಒಂದು ಗಳಿಗೆ ನಿಂತದ್ದನ್ನು ಕಂಡೆ. ಅವರಿಗೆ ಆ ಸ್ವರ ಕೇಳಿಸುವುದು ಅಲ್ಲಿಗೆ ನಿಂತುಹೋಯಿತೆಂದು ನನಗೆ ಗೊತ್ತಾಯಿತು. ನಮಗೆ ಇನ್ನೂ ಚುಚ್ಚುತ್ತಿತ್ತು.

ಹಿಂದಿನಿಂದ ಯಾರೋ ಹೊಸಬರು, ಅವರನ್ನು ಬಲ್ಲವರಲ್ಲ, "ಇನ್ನೂ ಸ್ವಲ್ಪ" ಎಂದರು. ಭಾವ ನೆಟ್ಟಗೆ ನಿಂತು ಇನ್ನೂ ಸ್ವಲ್ಪ ಇಳಿಸಿದರು. "ಇನ್ನೂ" ಎಂದರು. ಇಳಿಸಿದರು. ಬರೀ ಬೆರಳನ್ನು ನೋಡುತ್ತ, ತಮಗೆ ಇಲ್ಲದ ಆ ಸ್ವರವನ್ನು ಮತ್ತೆ ಮತ್ತೆ ಮೀಟುತ್ತ ಬಹಳ ದೂರ ಇಳಿದರು. ಎದುರಿನ ಮೇಜಿನಿಂದ ಅಕ್ಕ "ಸಾಕು ರೀ" ಎಂದಳು. ಕೇಳಿಸಲಿಲ್ಲವೇನೋ ಎಂದು ಕೈಯನ್ನೂ ಎತ್ತಿದಳು. ಭಾವ ಅಲ್ಲಿಗೆ ಗುಂಡಿ ಬಿಟ್ಟು, ಕುರ್ಚಿ ಎತ್ತಿ ಇಟ್ಟುಕೊಂಡು ಕೂತರು. ಯಜಮಾನಿ ಹಾಡಿದಳು. ಆಕೆ ಉಸಿರೆಳೆದ ಕಡೆಯಲ್ಲೆಲ್ಲ ಆ ಎರಡು ಸ್ವರಗಳು ಬಂದು ಕೂತವು, ಭಾವ ಆಕೆಯ ಬಾಯಿಯನ್ನು ನೋಡಿಕೊಂಡೇ ನುಡಿಸಿದ ಸ್ವರಗಳು ಅವು, ಅಷ್ಟು ಇಂಪಾಗಿ ನಾನು ಹಿಂದೆ ಎಂದೂ ಕೇಳಿರಲಿಲ್ಲ. ಮುಗಿದ ಮೇಲೆ ಅವರು ಚಪ್ಪಾಳೆಯ ಕಡೆ ತಿರುಗಲಿಲ್ಲ. ನಮ್ಮ ಮೇಜಿನ ಕಡೆ ನೋಡಿ, ಹುಬ್ಬು ಎತ್ತಿ, "ಬಂತಾ?" ಎಂದು ಕೇಳಿದರು. ಅಕ್ಕ "ಬಂತು" ಎಂದಳು. ಯಜಮಾನಿ "ಬಂತು" ಎಂದಳು. ನಾನೂ ತಲೆಯಾಡಿಸಿದೆ. ಅವರು ಒಪ್ಪಿಕೊಂಡು ಮುಂದಿನ ಹಾಡಿಗೆ ಕೈ ಹಾಕಿದರು. ಈಗಲೂ ಪ್ರತಿ ಭಾನುವಾರ ಹೀಗೆಯೇ.

ಇಂಥವರು ಲೋಕದಲ್ಲಿ ಹೆಚ್ಚಿಲ್ಲ, ಇದ್ದರೂ ಸದ್ದು ಮಾಡುವುದಿಲ್ಲವಾಗಿ ನಮಗೆ ಕಾಣಸಿಗುವುದಿಲ್ಲ. ನಾಚಿಕೆಯೆಂಬುದು ಮನುಷ್ಯನನ್ನು ಕುಗ್ಗಿಸಿ ಮೂಲೆಗೆ ಕೂರಿಸುವ ದೌರ್ಬಲ್ಯವೆಂದು ನಾನು ಬಹಳ ಕಾಲ ಬರೆದೆ, ಭಾಷಣವನ್ನೂ ಬಿಗಿದೆ. ನಮ್ಮಂಥವರ ನಾಚಿಕೆ ಹಾಗೆಯೇ ಸರಿ. ಅದು ನಮ್ಮ ಮುಖ ಉಳಿಸಿಕೊಳ್ಳಲು ಇನ್ನೊಬ್ಬರ ಪೆಟ್ಟಿಗೆಯ ಬೆನ್ನು ಬಿಚ್ಚುತ್ತದೆ. ಅವರಂಥವರ ನಾಚಿಕೆ ಬೇರೆ ಜಾತಿಯದು. ಅದು ತನಗೆ ಕೇಳಿಸುವ ಮಟ್ಟವನ್ನು ದಾಟಿ, ಎದುರಿನವನಿಗೆ ಹಿತವಾಗುವ ಮಟ್ಟದವರೆಗೆ, ಏನೂ ಕೇಳಿಸದ ಕತ್ತಲೆಯಲ್ಲಿ ಕೈಬಿಟ್ಟು ಇಳಿಯಬಲ್ಲದು. ಅಲ್ಲಿ ನಿಂತು, ತಾನು ನುಡಿಸಿದ್ದು ಬಂತೋ ಇಲ್ಲವೋ ಎಂದು ನಮ್ಮನ್ನೇ ಕೇಳಬಲ್ಲದು; ಅದೂ ತನಗೆ ಅಷ್ಟು ಕಾಲ ಸುಳ್ಳು ಹೇಳಿದ ನಾಲಿಗೆಗಳನ್ನೇ, ಬೇರೆ ಕಿವಿಯಿಲ್ಲವೆಂದು, ಕಿವಿ ಮಾಡಿಕೊಂಡು ನಂಬಬಲ್ಲದು.